ಹೊಸ್ತಿಲಲ್ಲಿ ನಿಂತ ಅಜ್ಜ

ಹೊಳೆದಂಡೆಯ ಸಣ್ಣ ಮಠವೊಂದರಲ್ಲಿ ಮರುಳಜ್ಜ ಎಂಬ ಗುರು. ಅವರು ಊಟಕ್ಕೆ ಕೂರುವವರೆಗೆ ಉಳಿದವರು ತುತ್ತು ಮುಟ್ಟುವಂತಿರಲಿಲ್ಲ.

ಈಚೆಗೆ ಅಜ್ಜ ನಡೆಯುತ್ತ ನಡೆಯುತ್ತ ಬಾಗಿಲು ಬಂದೊಡನೆ ನಿಂತುಬಿಡುತ್ತಿದ್ದರು. ಶಿಷ್ಯ ಅಡಿವೆಪ್ಪ ಅದಕ್ಕೆ ‘ನಿಂತ ಸಮಾಧಿ’ ಎಂದು ಹೆಸರಿಟ್ಟು ಊರೆಲ್ಲ ಸಾರಿ ಬಂದಿದ್ದ. ಜನ ಬಂದು ಕಾಯಿ ಒಡೆಯತೊಡಗಿದ್ದರು. ಪಾಪ, ಅವನದು ಹುಚ್ಚು ಭಕ್ತಿ.

ಒಂದು ಮಧ್ಯಾಹ್ನ ಊಟದ ಮನೆಯ ಹೊಸ್ತಿಲಲ್ಲಿ ಅಜ್ಜ ನಿಂತರು. ಒಳಗೆ ರೊಟ್ಟಿ, ಎಣ್ಣೆಗಾಯಿ ಬಡಿಸಿ ಆಗಿತ್ತು. ಅಡಿವೆಪ್ಪ ಎಲ್ಲರಿಗೂ ಸುಮ್ಮನಿರುವಂತೆ ಸನ್ನೆ ಮಾಡಿ, ಕೈಮುಗಿದು ಎದುರಿಗೆ ಬಂದ.

“ಅಡಿವೆಪ್ಪಾ, ಹಸಿವಾಗೇತೊ.”

“ಆಹಾ! ಜ್ಞಾನದ ಹಸಿವೇನ್ರಿ, ಅಜ್ಜಾರ?”

“ಬದನಿಕಾಯಿ ಹಸಿವು. ಕಾಲು ಏಳವಲ್ವು.”

“ಇದು ಸಮಾಧಿ ಅಲ್ಲೇನ್ರಿ?”

“ಕಂಪವಾತ. ವೈದ್ಯ ಹೇಳ್ಯಾನ. ನಮ್ಮನ್ನ ನಡಸಾಂವ ಒಬ್ಬಾಂವ ತಲಿಯೊಳಗ ಇರ್ತಾನಂತ. ನನ್ನಾಂವ ದಣದಾನ.”

ಅಡಿವೆಪ್ಪನ ಎದೆ ಒಡೆಯಿತು. ಊರಿಗೆ ಯಾವ ಮುಖ ತೋರಿಸುವುದು? ಅದಕ್ಕಿಂತ ಹೆಚ್ಚಾಗಿ, ಇನ್ನು ಯಾರನ್ನು ನಂಬುವುದು?

“ಸ್ವಂತ ಕಾಲಿಗೆ ಬುದ್ಧಿ ಹೇಳಾಕ ಆಗದವರು ನನ್ನ ಮನಸ್ಸಿಗೇನು ಹೇಳ್ತೀರಿ? ನಾ ಗಂಟು ಕಟ್ಟತೀನ್ರಿ,” ಎಂದ. ಕಣ್ಣಲ್ಲಿ ನೀರಿತ್ತು.

ಆದರೂ ನಮಸ್ಕಾರ ಮಾಡದೆ ಹೊರಡುವುದುಂಟೆ? ಅವನ ಬೆನ್ನ ಹಿಂದೆ ಊಟದ ಎಲೆಗಳ ಸಾಲು. ಉದ್ದಕ್ಕೆ ಜಾಗವಿಲ್ಲದೆ, ಗುರುವಿನ ಕಾಲ ಮುಂದೆ ಹೊಸ್ತಿಲಗುಂಟ ಅಡ್ಡಡ್ಡ ಮಲಗಿದ.

ಅಜ್ಜನ ಕಾಲು ತಟ್ಟನೆ ಎದ್ದಿತು. ಶಿಷ್ಯನನ್ನು ದಾಟಿದರು, ದಡದಡ ನಡೆದರು, ಎಲೆಯ ಮುಂದೆ ಕೂತು ರೊಟ್ಟಿ ಮುರಿದರು. ಮಿಕ್ಕವರು ಶಿವಾ ಎನ್ನುವಷ್ಟೂ ತಡಮಾಡದೆ ಊಟಕ್ಕೆ ಬಿದ್ದರು.

ಅಡಿವೆಪ್ಪ ಎದ್ದು ಕೂತ. “ಅಜ್ಜಾರ, ನನ್ನ ದಾಟಿದ್ರಿ!”

“ದಾಟಾಕ ಏನಾರ ಕಂಡ್ರ ಕಾಲು ಏಳತಾವ. ಕಾಲ ಮುಂದ ಅಡ್ಡ ಕಟ್ಟಿಗಿ ಇಡ್ರಿ ಅಂದಿದ್ದ ವೈದ್ಯ. ನೀ ಕಟ್ಟಿಗಿಗಿಂತ ಚಲೋ.”

“ಆದ್ರೂ ನಿಮ್ಮ ಕಾಲು ನಿಮ್ಮ ಮಾತು ಕೇಳವಲ್ವಲ್ಲ.”

“ನಿನ್ನವು ಕೇಳತಾವೇನು? ಆ ಮಜ್ಜಿಗಿ ಗಡಿಗಿ ತಗೊಂಡು ಬಾ. ಹೆಜ್ಜಿಗೊಮ್ಮೆ ಕಾಲಿಗೆ ಹೇಳು. ಹೇಳದ ಏನೂ ಮಾಡಬ್ಯಾಡ.”

ಇದೇನು ಮಹಾ ಎಂದು ಅಡಿವೆಪ್ಪ ಗಡಿಗೆ ಎತ್ತಿಕೊಂಡ.

“ಬಲಗಾಲೇ, ಹಿಮ್ಮಡಿ ಎತ್ತು. ಮೊಣಕಾಲು ಮಡಚು. ಮುಂದ ಇಡು. ಈಗ ಎಡಗಾಲೇ, ನೀ... ತಡಿ, ಬಲಗಾಲೇ, ನೀ ಇನ್ನೂ ಇಳಿದಿಲ್ಲ...”

ಗಡಿಗೆ ಒಂದು ಕಡೆ, ಅವನೊಂದು ಕಡೆ. ಉಣ್ಣುತ್ತಿದ್ದವರು ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡರು.

ಅಡಿವೆಪ್ಪ ಮಜ್ಜಿಗೆಯ ನಡುವೆಯೇ ಕೂತು ತನ್ನ ಕಾಲುಗಳನ್ನು ನೋಡಿದ. ಅವನ ಸಿಟ್ಟು ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ.

“ಹಂಗಾರ ಅಜ್ಜಾರ, ಇಷ್ಟು ವರ್ಷ ನನ್ನ ನಡಸಿದಾಂವ ಯಾರ್ರಿ?”

ಅಜ್ಜ ನಡುಗುವ ಕೈಯಿಂದ ಅವನ ಎಲೆಗೆ ಒಂದು ಬದನೆಕಾಯಿ ಹಾಕಿದರು.

“ಯಾರೋ, ನಾನೂ ಮಾರಿ ನೋಡಿಲ್ಲ. ಗಂಟು ಆಮ್ಯಾಲೆ ಕಟ್ಟು, ಮೊದಲು ಉಣ್ಣು. ಹೊರಗ ಹೋಗಾಕ ನನಗ ಮತ್ತ ಅದ ಬಾಗಲಾ ಐತಿ.”