ಇನ್ನೊಬ್ಬಳ ನೋಟ್‌ಬುಕ್

“ಮೇಡಂ, ನಾ ಏನ್ ಓದಬೇಕ್ರಿ?”

ಕೇಳಿದವಳು ಸುವರ್ಣಾ. ಕೇಳಿಸಿಕೊಂಡವರು ಧಾರವಾಡದ ಹಂಚಿನಮನಿ ಮೇಡಂ. ಈ ಕತೆಯನ್ನು ಮೊದಲು ಹೇಳಿದವರೂ ಅವರೇ. ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಐ.ಎ.ಎಸ್. ಪರೀಕ್ಷೆಗೆ ಕೂರುವ ಹುಡುಗಿಯರು ದಾರಿ ಕೇಳಿಕೊಂಡು ಅವರ ಮನೆಗೆ ಬರುತ್ತಿದ್ದರು. ಬಂದವರಿಗೆ ಮೇಡಂ ಚಹಾ ಕೊಡುತ್ತಿದ್ದರು, ಪುಸ್ತಕ ಕೊಡುತ್ತಿದ್ದರು. ಸಲಹೆ ಕೊಡುವಾಗ ಮಾತ್ರ ಕೈ ಬಿಗಿ.

ಸುವರ್ಣಾ ಕೇಳಿ ಸುಮ್ಮನಾಗಲಿಲ್ಲ. ಮಡಚಿದ ಒಂದು ಕಾಗದವನ್ನೂ ಮುಂದಿಟ್ಟಳು. ಅದರಲ್ಲಿ ಪುಸ್ತಕಗಳ ಪಟ್ಟಿ ಇತ್ತು. ಯಾವುದನ್ನು ಬೆಳಿಗ್ಗೆ ಓದಬೇಕು, ಯಾವುದನ್ನು ಸಂಜೆ ಓದಬೇಕು ಎಂದು ಇತ್ತು. ಕೊನೆಯ ಸಾಲಿನಲ್ಲಿ, ‘ಊಟದ ಮೇಲೆ ಇಪ್ಪತ್ತು ನಿಮಿಷ ನಿದ್ದೆ’ ಎಂದು ಬರೆದಿತ್ತು.

“ಇದು ಯಾರ ಪಟ್ಟಿ?” ಮೇಡಂ ಕೇಳಿದರು.

“ಮಂದಾಕಿನೀದ್ರಿ. ನನ್ನ ರೂಮಿನಾಕಿ. ಹೋದ ವರ್ಷ ಪ್ರಿಲಿಮ್ಸ್ ಪಾಸಾದ್ಲು.”

“ಆಕೀನ ಬರಕೊಟ್ಲೇನು?”

“ಇಲ್ರಿ. ನಾನ ನೋಡಿ ಬರಕೊಂಡೀನಿ.”

“ನಿದ್ದಿ ಮಾಡೂದನ್ನೂ?”

“ಗಡಿಯಾರ ನೋಡೇ ಬರದೀನ್ರಿ.”

ಮೇಡಂ ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ವಾಪಸು ಕೊಟ್ಟರು. ಕೊಟ್ಟು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಕೋಣೆ. ಕೋಣೆಯಲ್ಲಿ ಇಬ್ಬರು ಹುಡುಗಿಯರು. ಒಬ್ಬಳು ಬಸ್ ಕಂಡಕ್ಟರರ ಮಗಳು, ಇನ್ನೊಬ್ಬಳು ಶಾಲೆಯ ಮಾಸ್ತರರ ಮಗಳು. ಇಬ್ಬರೂ ದಿಲ್ಲಿ ಸರ್ಕಾರದ ಆ ದೊಡ್ಡ ಪರೀಕ್ಷೆಗೆ ಓದುತ್ತಿದ್ದರು. ಅದರ ಮೊದಲ ಬಾಗಿಲು ಪ್ರಿಲಿಮ್ಸ್. ಅದು ತೆರೆಯದಿದ್ದರೆ ಮುಂದಿನದೆಲ್ಲ ಬೇರೆಯವರ ಮನೆಯ ಮಾತು.

ಹಿಂದಿನ ವರ್ಷ ಇಬ್ಬರೂ ಬರೆದಿದ್ದರು. ಮಾಸ್ತರರ ಮಗಳು ಪ್ರಿಲಿಮ್ಸ್ ದಾಟಿ, ಅದರ ಮುಂದಿನ ಪರೀಕ್ಷೆಯಲ್ಲಿ ನಪಾಸಾದಳು. ಕಂಡಕ್ಟರರ ಮಗಳಿಗೆ ಪ್ರಿಲಿಮ್ಸೇ ಆಗಲಿಲ್ಲ. ಅವಳಪ್ಪ ಫೋನಿನಲ್ಲಿ ಬೈಯಲಿಲ್ಲ. “ಇನ್ನೊಂದು ವರ್ಷ ಓದವಾ. ಆಗಲಿಲ್ಲ ಅಂದ್ರ ಊರಿಗೆ ಬಾ. ಸೊಸೈಟ್ಯಾಗ ಕ್ಲಾರ್ಕ್ ಜಾಗಾ ಖಾಲಿ ಆಗೂದೈತಿ, ಮಾತಾಡೀನಿ” ಎಂದರು. ಬೈದಿದ್ದರೆ ಅವಳು ತಿರುಗಿ ಕೂಗಾಡಬಹುದಿತ್ತು. ಹೀಗೆ ಮೆತ್ತಗೆ ಹೇಳಿದ ಮೇಲೆ ಕೂಗಾಡಲು ಯಾರೂ ಉಳಿಯಲಿಲ್ಲ. ಉಳಿದದ್ದು ಒಂದು ವರ್ಷ.

ತಾನು ಸೋತದ್ದು ಅವಳಿಗೆ ಅಷ್ಟು ಉರಿಯಲಿಲ್ಲ. ಪಕ್ಕದ ಮಂಚದವಳು ಗೆದ್ದದ್ದು ಉರಿಯಿತು. ಅದೇ ಕೋಣೆ, ಅದೇ ಲೈಬ್ರರಿ, ಮೆಸ್ಸಿನ ಅದೇ ನೀರು ಸಾರು. ಹಾಗಿರುವಾಗ ಅವಳಿಗೆ ಮಾತ್ರ ಹೇಗಾಯಿತು? ಏನೋ ಒಂದು ಗುಟ್ಟಿದೆ, ಅದನ್ನು ನನ್ನಿಂದ ಮುಚ್ಚಿಟ್ಟಿದ್ದಾಳೆ ಎಂದುಕೊಂಡಳು. ಹಾಗೆ ಅಂದುಕೊಂಡ ಮೇಲೆ ಅವಳಿಗೆ ಸ್ವಲ್ಪ ಸಮಾಧಾನವೂ ಆಯಿತು. ಗುಟ್ಟಾದರೆ ಕಂಡುಹಿಡಿಯಬಹುದು. ಬುದ್ಧಿಯಾಗಿದ್ದರೆ ಏನು ಮಾಡುವುದು?

ಅಂದಿನಿಂದ ಅವಳ ಕಣ್ಣು ಪಕ್ಕದ ಮಂಚದ ಮೇಲೇ. ಮಾಸ್ತರರ ಮಗಳು ಪೇಪರನ್ನು ಹಿಂದಿನ ಪುಟದಿಂದ ಓದುತ್ತಿದ್ದಳು. ಇವಳೂ ಹಿಂದಿನಿಂದ ಓದತೊಡಗಿದಳು. ಅವಳು ನೆನೆಸಿದ ಬಾದಾಮಿ ತಿಂದಳು. ಇವಳೂ ಬಾದಾಮಿ ನೆನೆಸಿದಳು. ಅವಳು ಲೈಬ್ರರಿಯಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದಳು. ಇವಳು ಅರ್ಧ ಗಂಟೆ ಮೊದಲೇ ಹೋಗಿ ಆ ಕುರ್ಚಿ ಹಿಡಿದಳು. ಅವಳು ಹೋಗಿ ಬಾಗಿಲ ಪಕ್ಕ ಕೂತು ಓದಿದಳು. ಬಾಗಿಲ ಪಕ್ಕದ ಜಾಗವೇ ಇನ್ನೂ ಒಳ್ಳೆಯದಿರಬೇಕು ಎಂಬ ಯೋಚನೆಯಲ್ಲಿ ಇವಳಿಗೆ ಇಡೀ ದಿನ ಓದು ಹತ್ತಲಿಲ್ಲ.

ಕಡೆಗೆ ಗುಟ್ಟು ಕಣ್ಣಿಗೆ ಬಿತ್ತು. ದಿನಾ ಸಂಜೆ ಮಾಸ್ತರರ ಮಗಳು ಒಂದು ದಪ್ಪ ನೋಟ್‌ಬುಕ್ ತೆಗೆದು ಸಣ್ಣಕ್ಷರದಲ್ಲಿ ಏನೋ ಬರೆಯುತ್ತಿದ್ದಳು. ಬರೆದಾದ ಮೇಲೆ ದಿಂಬಿನ ಪಕ್ಕ ಇಡುತ್ತಿದ್ದಳು. ಪೆಟ್ಟಿಗೆಗೆ ಹಾಕುತ್ತಿರಲಿಲ್ಲ, ಬೀಗ ಹಾಕುತ್ತಿರಲಿಲ್ಲ. ಹೀಗೆ ಬಿಚ್ಚಿ ಇಡುವುದೇ ಇವಳಿಗೆ ದೊಡ್ಡ ಕಪಟವಾಗಿ ಕಂಡಿತು.

ಮಾಸ್ತರರ ಮಗಳು ಅಕ್ಕನ ಸೀಮಂತಕ್ಕೆಂದು ನಾಲ್ಕು ದಿನ ಊರಿಗೆ ಹೋದಳು. ನೋಟ್‌ಬುಕ್ ದಿಂಬಿನ ಪಕ್ಕದಲ್ಲೇ ಇತ್ತು. ಕಂಡಕ್ಟರರ ಮಗಳು ಅದನ್ನು ದುಪಟ್ಟಾದಲ್ಲಿ ಸುತ್ತಿಕೊಂಡು, ಎರಡು ಬೀದಿ ಆಚೆಗಿನ ಜೆರಾಕ್ಸ್ ಅಂಗಡಿಗೆ ನಡೆದಳು. ಹತ್ತಿರದ ಅಂಗಡಿಯವನಿಗೆ ಇಬ್ಬರ ಮುಖವೂ ಗೊತ್ತಿತ್ತು.

“ಎಲ್ಲಾ ಪುಟಾ ತಗೀಲೇನ್ರಿ?” ಅಂಗಡಿಯವನು ಕೇಳಿದ.

“ಎಲ್ಲಾ. ಖಾಲಿ ಪುಟಾನೂ.”

“ಖಾಲಿ ಪುಟಾ ತಗೊಂಡು ಏನ್ ಮಾಡ್ತೀರಿ?”

“ನಿಮಗ್ಯಾಕ? ತಗೀರಿ.”

“ಟಾಪರ್ ನೋಟ್ಸ್ ಏನ್ರಿ ಇವು?”

“ನನ್ನವ.”

“ಹಂಗಾದ್ರ ಒಂದು ಸೆಟ್ ನಮಗೂ ಕೊಡ್ರಲಾ ಅಕ್ಕಾರ. ಸ್ಪೈರಲ್ ಹಾಕಿ ಮಾರತೀನಿ. ಮ್ಯಾಲೆ ನಿಮ್ಮ ಹೆಸರ ಹಾಕತೀನಿ, ಫೋಟೋ ಬೇಕಾದ್ರ ಫೋಟೋನೂ.”

ಅವಳು ಹಾಳೆಗಳ ಕಟ್ಟನ್ನು ಎದೆಗೆ ಒತ್ತಿಕೊಂಡು ಹೊರಬಂದಳು. ಇದನ್ನು ತನ್ನಿಂದ ಯಾರಾದರೂ ಕದ್ದಾರು ಎಂಬ ಭಯ ಆಗಲೇ ಶುರುವಾಗಿತ್ತು.

ಕೋಣೆಗೆ ಬಂದು ಚಿಲಕ ಹಾಕಿ ಓದಿದಳು. ಬ್ಯಾಂಕು, ಬಡ್ಡಿದರ, ಬಜೆಟ್ಟಿಗೆ ನಲವತ್ತು ಪುಟ. ಮಣ್ಣು, ಗಾಳಿ, ಸಮುದ್ರಕ್ಕೆ ಇಪ್ಪತ್ತು. ಇತಿಹಾಸಕ್ಕೆ ಎರಡು, ಅದೂ ಬರೀ ಇಸವಿಗಳು. ಸಂವಿಧಾನಕ್ಕೆ ಅರ್ಧ ಪುಟ.

ಅರ್ಧ ಪುಟ! ಅವಳು ಹಾಳೆ ತಿರುಗಿಸಿ ಮತ್ತೆ ನೋಡಿದಳು. ಹೋದ ವರ್ಷವೆಲ್ಲ ಅವಳು ಒದ್ದಾಡಿದ್ದು ಸಂವಿಧಾನದ ಜೊತೆಗೇ. ಮಾಸ್ತರರ ಮಗಳು ನೋಡಿದರೆ ಅರ್ಧ ಪುಟದಲ್ಲಿ ಮುಗಿಸಿದ್ದಾಳೆ. ಅಂದರೆ ಪರೀಕ್ಷೆಯಲ್ಲಿ ಅದು ಹೆಚ್ಚು ಬರುವುದಿಲ್ಲ. ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಆಕೆಗೆ ಯಾರೋ ಹೇಳಿದ್ದಾರೆ. ಮಾಸ್ತರರ ಕಡೆಯವರು ಯಾರಾದರೂ ದಿಲ್ಲಿಯಲ್ಲಿ ಇದ್ದಾರು. ಇರಲೇಬೇಕು. ಇಲ್ಲದಿದ್ದರೆ ಇಷ್ಟು ಧೈರ್ಯವಾಗಿ ಯಾರು ಬಿಡುತ್ತಾರೆ?

ತನ್ನ ಸಂವಿಧಾನದ ದಪ್ಪ ಪುಸ್ತಕವನ್ನು, ಹೊಸದಾಗಿ ಓದಲು ಬಂದಿದ್ದ ಹುಡುಗಿಯೊಬ್ಬಳಿಗೆ ಕೊಟ್ಟುಬಿಟ್ಟಳು. ಆ ಹುಡುಗಿ, “ಅಕ್ಕಾ, ನಿಮ್ಮಷ್ಟು ಒಳ್ಳೆಯವರನ್ನ ನಾ ನೋಡಿಲ್ರಿ” ಎಂದು ಕಾಲಿಗೆ ಬೀಳಲು ಬಂದಳು. ಇವಳಿಗೆ ಒಳಗೊಳಗೇ ನಗು.

ಆಮೇಲೆ ಎಂಟು ತಿಂಗಳು ಅವಳು ಓದಿದ್ದು ಆ ಜೆರಾಕ್ಸ್ ಹಾಳೆಗಳನ್ನೇ. ಪೇಪರಿನೊಳಗೆ ಇಟ್ಟುಕೊಂಡು ಓದಿದಳು. ಯಾರಾದರೂ ಹತ್ತಿರ ಬಂದರೆ ಪುಟ ತಿರುಗಿಸಿದಳು. ಅವಳು ಬಿ.ಕಾಂ. ಮಾಡಿದವಳು. ಬ್ಯಾಂಕಿನ ನಲವತ್ತು ಪುಟ ಬೆಣ್ಣೆಯಂತೆ ಇಳಿದವು. ಓದು ಎಂದೂ ಇಷ್ಟು ಸಲೀಸಾಗಿ ತಲೆಗೆ ಹತ್ತಿರಲಿಲ್ಲ. ಗುಟ್ಟು ಎಂದರೆ ಇದು ಎಂದುಕೊಂಡಳು. ಮೂರು ವರ್ಷ ಕಾಲೇಜಿನಲ್ಲಿ ಓದಿದ್ದನ್ನೇ ಮತ್ತೆ ಓದುತ್ತಿದ್ದೇನೆ ಎಂದು ಹೊಳೆಯಲಿಲ್ಲ. ಮಾಸ್ತರರ ಮಗಳು ಎಲ್ಲೋ ಒಂದು ಕಡೆ ತಪ್ಪು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು. ಇವಳು ಆ ತಪ್ಪನ್ನೂ ಬಾಯಿಪಾಠ ಮಾಡಿದಳು. ಚಿಹ್ನೆ ಇರುವುದರಿಂದ ಅದು ಖಂಡಿತ ಬರುತ್ತದೆ ಎಂದು ಕೆಂಪು ಪೆನ್ನಿನಲ್ಲಿ ಗೀಟೂ ಎಳೆದಳು.

ಪರೀಕ್ಷೆಯ ದಿನ ಬಂತು. ಪತ್ರಿಕೆ ಬಿಡಿಸಿದರೆ ರಾಜ್ಯಪಾಲರು, ಗ್ರಾಮಸಭೆ, ಹಣಕಾಸು ಮಸೂದೆ, ಮತ್ತೆ ರಾಜ್ಯಪಾಲರು. ಹೋದ ವರ್ಷವಾಗಿದ್ದರೆ ಇವುಗಳಲ್ಲಿ ಅರ್ಧಕ್ಕೆ ಅವಳ ಬಳಿ ಉತ್ತರವಿತ್ತು. ಈಗ ಕಣ್ಣು ಮುಚ್ಚಿದರೆ ಕಾಣುವುದು ಆ ಅರ್ಧ ಪುಟ. ಊಹೆಯ ಮೇಲೆ ಗುರುತು ಹಾಕುತ್ತ ಹೋದಳು. ತಪ್ಪಿಗೆ ಅಂಕ ಕತ್ತರಿಸುವ ಪರೀಕ್ಷೆ ಅದು. ಎರಡು ಸಾಲು ಮುಂದೆ ಕೂತಿದ್ದ ಮಾಸ್ತರರ ಮಗಳ ಪೆನ್ನು ಎಲ್ಲೂ ನಿಲ್ಲಲಿಲ್ಲ. ಇವಳು ಅದನ್ನೂ ನೋಡಿದಳು.

ಫಲಿತಾಂಶದಲ್ಲಿ ಮಾಸ್ತರರ ಮಗಳ ನಂಬರ್ ಇತ್ತು. ಇವಳದ್ದು ಇರಲಿಲ್ಲ.

ಕಂಡಕ್ಟರರ ಮಗಳು ಗಾದಿಯ ಕೆಳಗಿಂದ ಜೆರಾಕ್ಸ್ ಕಟ್ಟನ್ನು ಎಳೆದು ಪಕ್ಕದ ಮಂಚದ ಮೇಲೆ ಒಗೆದಳು. “ಸುಳ್ಳು ಬರದಿಟ್ಟಿದ್ದೆಲ್ಲಾ! ನಾ ನೋಡಲಿ ಅಂತನ ದಿಂಬಿನ ಬಾಜೂ ಇಡತಿದ್ದಿ! ನನ್ನ ಮುಳಗಸಾಕ!”

ಮಾಸ್ತರರ ಮಗಳು ಹಾಳೆ ಎತ್ತಿಕೊಂಡು ನೋಡಿದಳು. ತನ್ನದೇ ಅಕ್ಷರ. ಸಿಟ್ಟಾಗಬೇಕಾಗಿತ್ತು. ಅವಳಿಗೆ ನಾಚಿಕೆಯಾಯಿತು.

“ಅಯ್ಯ ನಮ್ಮವ್ವಾ, ಇದನ್ನ ಓದಿದ್ಯಾ? ಇವು ನೋಟ್ಸ್ ಅಲ್ಲ. ನನಗ ತಿಳೀಲಾರದ್ದನ್ನಷ್ಟ ದಿನಾ ಇದರಾಗ ಬರಕೋತಿದ್ದೆ.”

“ಮತ್ತ ಸಂವಿಧಾನ?”

“ಅದನ್ನ ನಮ್ಮಪ್ಪ ಊಟಕ್ಕ ಕುಂತಾಗೆಲ್ಲಾ ಕೇಳಿ ಕೇಳಿ, ಸಣ್ಣಾಕಿದ್ದಾಗ ಬಾಯಿಗೆ ಬಂದೈತಿ. ಬಂದದ್ದನ್ನ ಯಾರರ ಬರಕೋತಾರೇನು? ಬ್ಯಾಂಕಿಂದು ನೋಡು, ನಲವತ್ತು ಪುಟಾ ಬರದ್ರೂ ನನ್ನ ತಲಿಗೆ ಹೋಗವಲ್ದು. ನೀ ಬಿ.ಕಾಂ. ಮಾಡಿದಾಕಿ. ಕೇಳಬೇಕಂತ ಎಷ್ಟು ಸಲ ನಿನ್ನ ಮಂಚದ ತನಕಾ ಬಂದೀನಿ, ನೀ ಪೇಪರ್ ಮುಚ್ಚತಿದ್ದಿ. ಇಷ್ಟೆಲ್ಲಾ ಬರತೈತಿ, ಒಂದು ಮಾತು ಹೇಳವಲ್ಲಳು ಅಂತ ನಿನ್ನ ನೋಡಿ ನನಗೂ ಹೊಟ್ಟಿಕಿಚ್ಚು ಆಗತಿತ್ತು.”

ಕಂಡಕ್ಟರರ ಮಗಳು ಮಂಚದ ಮೇಲೆ ಕೂತಳು. ಅಪ್ಪ ಕೊಟ್ಟ ಒಂದು ವರ್ಷ ಆ ಹಾಳೆಗಳಲ್ಲಿ ಮುಗಿದಿತ್ತು. ಇನ್ನೊಬ್ಬಳಿಗೆ ಗೊತ್ತಿಲ್ಲದ್ದನ್ನೆಲ್ಲ ಅವಳು ಒಂದಕ್ಷರ ಬಿಡದೆ ಕಲಿತಿದ್ದಳು. ತನಗೆ ಗೊತ್ತಿಲ್ಲದ್ದು ಯಾವುದು ಎಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಮುಂದಿನ ವಾರ ಅವಳು ಊರಿನ ಬಸ್ಸು ಹತ್ತಿದಳು.

ಇಷ್ಟು ಹೇಳಿ ಹಂಚಿನಮನಿ ಮೇಡಂ ಚಹಾದ ಲೋಟ ಎತ್ತಿಕೊಂಡರು.

ಸುವರ್ಣಾ ತಡೆಯಲಾಗದೆ ಕೇಳಿದಳು. “ಆ ಮಾಸ್ತರರ ಮಗಳಿಗೆ ಕಡೀಕ ಎಷ್ಟನೇ ರ‍್ಯಾಂಕ್ ಬಂತ್ರಿ?”

“ನೋಡು, ಈಗೂ ನೀ ಕೇಳಿದ್ದು ಆಕೀದ.”

ಸುವರ್ಣಾ ಪಟ್ಟಿಯ ಕಾಗದವನ್ನು ಇನ್ನೊಂದು ಮಡಿಕೆ ಮಡಚಿದಳು. “ಹಂಗಾದ್ರ ನಾ ಏನ್ ಓದಲ್ರಿ ಮೇಡಂ?” ಎಂದಳು, ಈ ಸಲ ಸಣ್ಣ ದನಿಯಲ್ಲಿ.

ಮೇಡಂ ಒಂದೇ ಮಾತು ಹೇಳಿದರು.

“ಈ ಕತಿ ಹೋಗಿ ಮಂದಾಕಿನಿಗೆ ಹೇಳು, ಆಮ್ಯಾಲೆ ದಿನಾ ನೀ ಓದಿದ್ದನ್ನ ಆಕಿಗೆ ಹೇಳು, ಹೇಳೂವಾಗ ನಿನ್ನ ನಾಲಿಗಿ ಎಲ್ಲಿ ತಡವರಸತದೋ, ಅಲ್ಲಿಂದ ಓದಾಕ ಹಿಡಿ.”