ಗಾಣಿಗನ ಮಗಳು ಮತ್ತು ಗಂಧರ್ವ

ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನೀಲಾಂಬಿಕೆ ಎಂಬ ಶಿಷ್ಯೆ ಒಂದು ದಿನ ಗುರುಗಳನ್ನು ಕೇಳಿದಳು:

“ಗುರುಗಳೇ, ನನ್ನ ತರಗತಿಯ ಹುಡುಗಿಯರು ಗಂಧರ್ವರ ಪ್ರೇಮದ ಕಾದಂಬರಿಗಳನ್ನು ಊಟ ನಿದ್ದೆ ಬಿಟ್ಟು ಓದುತ್ತಾರೆ. ಎಲ್ಲದರಲ್ಲೂ ಒಬ್ಬ ಗಂಧರ್ವ ರಾಜಕುಮಾರ. ನೋಡಲು ಚೆಲುವ, ಮಾತು ಕಠೋರ. ಮನುಷ್ಯರ ಹುಡುಗಿಯನ್ನು ಹೊತ್ತೊಯ್ಯುತ್ತಾನೆ, ನೋಯಿಸುತ್ತಾನೆ, ಕೊನೆಗೆ ಅವಳ ಪ್ರೀತಿಗೆ ಕರಗುತ್ತಾನೆ. ಇಂಥ ಕತೆಗಳು ಅವರನ್ನು ಕೆಡಿಸುವುದಿಲ್ಲವೇ? ಓದಬೇಡಿ ಎಂದು ಹೇಳಲೇ?”

ಗುರುಗಳು ಹೀಗೆ ಹೇಳಿದರು.

ಒಬ್ಬ ಗಾಣಿಗನಿದ್ದ. ಹೆಂಡತಿ ತೀರಿಕೊಂಡಿದ್ದಳು. ಮಗಳು ಹಗಲೆಲ್ಲ ಎತ್ತಿನ ಹಿಂದೆ ಗಾಣ ಸುತ್ತುತ್ತಿದ್ದಳು. ಅವಳಿಗೆ ಏನು ಬೇಕೆಂದು ಯಾರೂ ಕೇಳಿರಲಿಲ್ಲ. ತನಗೆ ಏನಾದರೂ ಬೇಕಾಗಬಹುದು ಎಂಬುದು ಅವಳಿಗೂ ಹೊಳೆದಿರಲಿಲ್ಲ.

ಎಣ್ಣೆಗೆ ಬರುತ್ತಿದ್ದ ಒಬ್ಬ ಮುದುಕಿ ಅಲ್ಲೇ ಕೂತು ಅವಳಿಗೆ ಗಂಧರ್ವನ ಕತೆ ಹೇಳತೊಡಗಿದಳು. ಅವನ ಕಾಡು, ಅವನ ಕಿರೀಟ, ಅವನ ಉರಿಯುವ ಕಣ್ಣು. ಮುದುಕಿ ಪ್ರತಿಸಲವೂ ಇನ್ನಷ್ಟು ಸೊಗಸು ಬೆರೆಸುತ್ತಿದ್ದಳು. ಕತೆ ಮಾತ್ರ ಅದೇ. ಆದರೂ ಹುಡುಗಿಗೆ ಸಾಕೆನಿಸಲಿಲ್ಲ. ಇಷ್ಟು ದೊಡ್ಡ ಲೋಕದಲ್ಲಿ ಒಬ್ಬರು ತನ್ನನ್ನೇ ಹುಡುಕಿಕೊಂಡು ಬರಬಹುದೆಂಬ ಮಾತು ಅವಳಿಗೆ ಹೊಸದಾಗಿತ್ತು. ಕತೆ ನಡೆಯುವಾಗ ಅವಳಿಗೆ ಕಾಲು ನೋಯುತ್ತಿರಲಿಲ್ಲ.

ಆ ಊರಿಗೆ ಒಬ್ಬ ಕುದುರೆ ವ್ಯಾಪಾರಿ ಬಂದ. ಚೆಲುವ, ಮಿತಭಾಷಿ. ಹುಡುಗಿಯನ್ನು ನೋಡಿದ, ಮದುವೆಯಾಗುತ್ತೇನೆಂದು ಗಾಣಿಗನಿಗೆ ಹೇಳಿಕಳಿಸಿದ. ಹುಡುಗಿ ಹಿಗ್ಗಿದಳು. ಒಂದು ದಿನ ಅವಳು ಪಕ್ಕದ ಮನೆಯ ಕುಂಬಾರನೊಡನೆ ನಗುತ್ತಾ ಮಾತಾಡುತ್ತಿದ್ದುದನ್ನು ಕಂಡು ವ್ಯಾಪಾರಿ ಅವಳ ಮುಂಗೈ ಹಿಡಿದು ಹಿಂಡಿದ. ಕೈ ಕಂದಿತು. ಮರುದಿನ ಬಳೆ ತಂದು ತೊಡಿಸಿದ.

“ಈ ಮನುಷ್ಯ ಬೇಡ, ಮಗಳೇ” ಎಂದ ಗಾಣಿಗ.

“ಅವರು ಹೊರಗೆ ಮಾತ್ರ ಹಾಗೆ, ಅಪ್ಪ. ಒಳಗೆ ಬಹಳ ಮೃದು. ನಾನು ಕರಗಿಸುತ್ತೇನೆ” ಎಂದಳು ಮಗಳು.

ಗಾಣಿಗ ಮುದುಕಿಯ ಬಳಿಗೆ ಹೋಗಿ, “ನೀನು ತುಂಬಿದ ಹುಚ್ಚು ಇದು, ನೀನೇ ಬಿಡಿಸು” ಎಂದ.

ಮುದುಕಿಗೆ ಭಯವಾಯಿತು. ಕತೆಯೆಲ್ಲ ಸುಳ್ಳು ಎಂದುಬಿಡೋಣ ಎಂದುಕೊಂಡೇ ಬಂದಳು. ಹುಡುಗಿಯ ಮುಖ ನೋಡಿದ ಮೇಲೆ ಬಾಯಿ ಬರಲಿಲ್ಲ. ಅಭ್ಯಾಸದಂತೆ ಕತೆಯನ್ನೇ ಶುರುಮಾಡಿದಳು. ‘ನೀನು ನನ್ನವಳು, ಈ ಕಾಡು ಬಿಟ್ಟು ಹೋಗಕೂಡದು’ ಎಂದು ಗಂಧರ್ವ ಅರಮನೆಯ ಬಾಗಿಲು ಹಾಕುವ ಜಾಗ ಬಂತು. ಅಲ್ಲಿ ಮುದುಕಿ ಕತೆ ನಿಲ್ಲಿಸಿದಳು.

“ಆಗ ಆ ಹುಡುಗಿ ಏನೆಂದಳು? ಇಷ್ಟು ದಿನ ಅವನ ಕಣ್ಣಿನ ಮಾತೇ ಆಯಿತು. ಇವಳ ಮಾತು ನನಗೆ ಗೊತ್ತೇ ಇಲ್ಲ. ನೀನೇ ಹೇಳಮ್ಮ.”

ಹುಡುಗಿ ಎತ್ತನ್ನು ನಿಲ್ಲಿಸಿದಳು. ಆ ಕಾಡಿನೊಳಗೆ ಅವಳು ಎಷ್ಟೋ ಸಲ ಹೋಗಿದ್ದಳು. ಹೋದಾಗಲೆಲ್ಲ ನೋಡಿದ್ದು ಅವನನ್ನು. ಈಗ ತನ್ನನ್ನು ನೋಡಿಕೊಂಡಳು.

“‘ಮೊದಲು ಬಾಗಿಲು ತೆಗೆ’ ಎಂದಳು” ಎಂದು ಮೆಲ್ಲಗೆ ಹೇಳಿದಳು. “ತೆಗೆದರೆ ಕೂತು ಮಾತಾಡುತ್ತಾಳೆ. ಇಲ್ಲದಿದ್ದರೆ ಇಲ್ಲ.”

ವ್ಯಾಪಾರಿ ಬಂದಾಗ ಅವಳು, “ಮದುವೆಯಾದ ಮೇಲೆ ನಾನು ಅಪ್ಪನನ್ನು ನೋಡಲು ಬರುತ್ತಿರಬೇಕು. ಕುಂಬಾರನೊಡನೆಯೂ ಮಾತಾಡುತ್ತೇನೆ. ನೀವು ಒಪ್ಪುತ್ತೀರಾ?” ಎಂದು ಕೇಳಿದಳು. ಅವನು ನಕ್ಕು, “ನನ್ನವಳಾಗುವುದು ಸಾಲದೇ?” ಎಂದ. ಹುಡುಗಿ ಬಳೆ ಕಳಚಿ ಅವನ ಕೈಯಲ್ಲಿಟ್ಟಳು. ಅವನು ಹೊರಟುಹೋದ.

ಅವಳು ಬಹಳ ದಿನ ಅತ್ತಳು. ಅವನು ನಿಜವಾಗಿಯೂ ಚೆಲುವನಾಗಿದ್ದ.

ಆಮೇಲೆ ಎಣ್ಣೆಗೆ ಬರುವ ಹುಡುಗಿಯರಿಗೆ ಅವಳೇ ಆ ಕತೆ ಹೇಳತೊಡಗಿದಳು. ಕಾಡನ್ನು ಬಿಡಲಿಲ್ಲ, ಕಿರೀಟವನ್ನು ಬಿಡಲಿಲ್ಲ, ಕಣ್ಣುಗಳನ್ನಂತೂ ಬಿಡಲೇ ಇಲ್ಲ. ಆದರೆ ಅವಳ ಕತೆಯಲ್ಲಿ ಗಂಧರ್ವ ಬಾಗಿಲು ತೆಗೆದು, ಆಚೆ ನಿಂತು, ಉತ್ತರಕ್ಕೆ ಕಾಯುತ್ತಿದ್ದ. ಕೇಳುವ ಹುಡುಗಿಯರು ಮೊದಲಿನಂತೆಯೇ ಕಣ್ಣೊರೆಸಿಕೊಳ್ಳುತ್ತಿದ್ದರು. ಕತೆ ಕೆಡಿಸಿದಳೆಂದು ಮುದುಕಿ ಗೊಣಗುತ್ತಿದ್ದಳು. ಎಣ್ಣೆ ಬೇಡದ ದಿನವೂ ಬಂದು ಕೂರುತ್ತಿದ್ದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ನೀಲಾಂಬಿಕೆಗೆ ಸಮಾಧಾನವಾಗಲಿಲ್ಲ.

“ಆದರೂ ಗುರುಗಳೇ, ಆ ಕತೆ ಕೇಳದೇ ಇದ್ದಿದ್ದರೆ ಅವಳು ವ್ಯಾಪಾರಿಗೆ ಮನಸೋಲುತ್ತಲೇ ಇರಲಿಲ್ಲವಲ್ಲ?”

“ಇರಲಿಲ್ಲ ತಾಯಿ; ಮೊದಲು ಬಂದವನು ಯಾರೇ ಆಗಲಿ, ಏನನ್ನೂ ಕೇಳದೆ ತಾಳಿಗೆ ಕೊರಳೊಡ್ಡುತ್ತಿದ್ದಳು” ಎಂದರು ಗುರುಗಳು.