ಪಾದ್ರಿಗಳ ಹೆಸರಿನ ಹಿಡಿಜೋಳ

ಬನ್ನಿ, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಕೊಳ್ಳಿ. ಎಲೆ-ಅಡಿಕೆ ಆಮೇಲೆ ಆಗಲಿ. ಮೊದಲು ನಮ್ಮ ಸಮಾಧಾನವ್ವ ತಾಯಿಯವರ ಈ ಒಂದು ಸಂಗತಿ ಕಿವಿಗೆ ಬೀಳಲಿ.

ಪೂಜ್ಯ ತಾಯಿಯವರು ಎರೆಸೀಮೆಯ ಕರಿಯೊಡ್ಡಿ ಎಂಬ ಊರಲ್ಲಿ ಒಂದು ಮಣ್ಣಿನ ಗುಡಿಸಲಲ್ಲಿದ್ದರು. ಕೂಲಿಗೆ ಜೋಳ ಬೀಸಿ ಹೊಟ್ಟೆ ಹೊರೆಯುವ ವಿಧವೆ, ಅಕ್ಷರ ಬಾರದವರು. ಅವರಿಗೆ ದೀಕ್ಷಾಸ್ನಾನ ಕೊಟ್ಟು ಪ್ರಾರ್ಥನೆ ಕಲಿಸಿದವರು ಜರ್ಮನಿಯಿಂದ ಬಂದ ಲೀಬರ್ಟ್ ಪಾದ್ರಿಗಳು.

ಪಾದ್ರಿಗಳು ಕಡಲು ದಾಟಿ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಹೆಂಡತಿಯನ್ನೂ ಎರಡು ಕೂಸುಗಳನ್ನೂ ಇದೇ ಮಣ್ಣಿಗೆ ಕೊಟ್ಟ ಮೇಲೆ ಅವರ ಎದೆಯೊಳಗಿನ ದೇವರು ಯಾವಾಗಲೋ ಎದ್ದುಹೋಗಿದ್ದ. ಯಾರಿಗೂ ಹೇಳದೆ, ಭಾನುವಾರ ಬಂದರೆ ಕಾಗದ ನೋಡಿ ಬೋಧನೆ ಓದುತ್ತಿದ್ದರು. ಆದರೆ ಕಷ್ಟ ಬಂದವರು ಪಾದ್ರಿಗಳನ್ನು ಬಿಟ್ಟು, ಪ್ರಾರ್ಥನೆಗೆಂದು ತಾಯಿಯವರ ಗುಡಿಸಲಿಗೆ ನಡೆಯುತ್ತಿದ್ದರು. ಅದೇ ಪಾದ್ರಿಗಳ ಒಡಲಿನ ಕೆಂಡ. ನಾನು ಹಚ್ಚಿದ ದೀಪ ಅವಳ ಮನೆಯಲ್ಲಿ ಉರಿಯಬೇಕು, ನನ್ನೊಳಗೆ ಕತ್ತಲೆಯೇ ಎಂದು ಕುದಿಯುತ್ತಿದ್ದರು. ಗುಡಿಸಲಿನ ಕೀರ್ತನೆ ಗಾಳಿಯಲ್ಲಿ ತೇಲಿ ಬಂದರೆ ಕಿಟಕಿ ಮುಚ್ಚಿಬಿಡುತ್ತಿದ್ದರು.

ನಮ್ಮಲ್ಲಿ ಬೀಸುವ ಮುಂಚೆ ಮನೆಯ ಒಬ್ಬೊಬ್ಬರ ಹೆಸರು ಹೇಳಿ, ದೇವರಿಗೆಂದು ಒಂದೊಂದು ಹಿಡಿ ಜೋಳ ಗಡಿಗೆಗೆ ಹಾಕುವ ಪದ್ಧತಿ. ಸಭೆಯ ಹಿರಿಯ ಲೇವಿಯಪ್ಪ ಅದನ್ನೇ ಹಿಡಿದು ಚುಚ್ಚಿದ: “ಅಯ್ಯನವರ, ಎಲ್ಲಾರ ಮನ್ಯಾಗ ಒಂದು ಗಡಿಗಿ, ಆಕಿ ಎರಡು ಇಟ್ಟಾಳ. ಎರಡನೇದು ತನ್ನ ಹತ್ರ ಬರೂ ಮಂದಿ ಕಾಣಿಕಿಗೇ ಇರಬೇಕು. ಇನ್ನ ನೀವ್ಯಾಕ, ಆಕೀನ್ನ ಪಾದ್ರಿ ಮಾಡಿಬಿಡ್ರಿ!”

ಪಾದ್ರಿಗಳು ಸರಸರನೆ ಗುಡಿಸಲಿಗೆ ಹೋದರು. ತಾಯಿಯವರು ಬೀಸುತ್ತಿದ್ದರು.

“ಇನ್ನು ಇಲ್ಲಿ ಪ್ರಾರ್ಥನೆ ನಡೆಯಕೂಡದು. ಆ ಎರಡನೆಯ ಗಡಿಗೆ ಯಾರದು?”

ತಾಯಿಯವರು ಬೀಸುಕಲ್ಲು ನಿಲ್ಲಿಸಿದರು. “ನಿಮ್ಮದರಿ, ಅಯ್ಯನವರ. ಮೂರು ವರ್ಸ ಆತು.”

“ನನ್ನದು? ಏಕೆ?”

“ಮೊದಲ ನಮ್ಮ ಮಾರಿ ನೋಡಿ ಬೋಧನಿ ಹೇಳತಿದ್ರಿ. ಈಗ ಕಾಗದ ನೋಡತೀರಿ.”

ಪಾದ್ರಿಗಳು ಬೀಸುಕಲ್ಲಿನ ಪಕ್ಕ ನೆಲದ ಮೇಲೆ ಕೂತರು. “ನನ್ನಲ್ಲಿ ಏನೂ ಉಳಿದಿಲ್ಲ. ನಾನು ಕಲಿಸಿದ್ದು ನಿನ್ನಲ್ಲಿದೆ. ನಿನ್ನನ್ನು ಕಂಡರೆ ಹೊಟ್ಟೆ ಉರಿಯುತ್ತದೆ.”

“ಆರಾಮಿಲ್ಲದವರ ಹಿಡಿ ಮನಿಯವರು ಹಾಕೂದಿಲ್ಲೇನ್ರಿ? ನಿಮಗ ಆಗೂ ತನಕ ನಿಮ್ಮ ಪಾಲಿಂದೂ ನಾನ ನಂಬತೀನಿ. ರೊಟ್ಟಿ ಉಂಡು ಹೋಗ್ರಿ.”

ಪಾದ್ರಿಗಳು ಅಳುತ್ತಲೇ ಉಂಡರು; ಪ್ರಾರ್ಥನೆ ನಿಲ್ಲಿಸುವ ಮಾತನ್ನು ಮತ್ತೆ ಎತ್ತಲಿಲ್ಲ. ಹೋದ ನಂಬಿಕೆ ಮರುದಿನವೇ ಬಂತೆಂದರೆ ಸುಳ್ಳಾದೀತು. ವಾರಕ್ಕೊಮ್ಮೆ ಬಂದು, ಸುಮ್ಮನೆ ಪಕ್ಕದಲ್ಲಿ ಕೂತು ಹೋಗುತ್ತಿದ್ದರು. ಹೀಗೆ ಬರತೊಡಗಿದ ನಾಲ್ಕನೆಯ ವರ್ಷ ಒಂದು ಬೆಳಗ್ಗೆ, “ತಾಯಿ, ಇವತ್ತಿನಿಂದ ನನ್ನ ಹಿಡಿ ನಾನೇ ಹಾಕುತ್ತೇನೆ,” ಎಂದರು. ತಾಯಿಯವರು ಸರಿದು ಜಾಗ ಕೊಟ್ಟರು.

ಲೇವಿಯಪ್ಪ ಚಾಡಿಯನ್ನೇನೂ ಬಿಡಲಿಲ್ಲ, ಆದರೆ ಮಗಳಿಗೆ ವಿಷಮಜ್ವರ ಏರಿದ ದಿನ ಓಡಿದ್ದು ತಾಯಿಯವರ ಬಾಗಿಲಿಗೇ. ಮಗಳು ಬದುಕಿ ಮೊಮ್ಮಕ್ಕಳನ್ನು ಕಂಡಳು. ತಾಯಿಯವರು ಒಂದು ಪುನರುತ್ಥಾನದ ಹಬ್ಬದ ಮುಂಜಾನೆ, ಹಾಡುತ್ತ ಹಾಡುತ್ತಲೇ ಪ್ರಭುವಿನ ಸನ್ನಿಧಿ ಸೇರಿದರು. ಪಾದ್ರಿಗಳು ತಮ್ಮ ದೇಶಕ್ಕೆ ಮರಳಲಿಲ್ಲ. ಇನ್ನೂ ಆರು ವರ್ಷ ಬದುಕಿದ್ದು, ಒಬ್ಬರ ಮೇಲೊಬ್ಬರು ಹೊಟ್ಟೆ ಉರಿದುಕೊಂಡು ಬಂದವರ ಮಾತನ್ನು ಬೈಯದೆ, ಕೊನೆಯವರೆಗೂ ಕೂತು ಕೇಳುವವರಾಗಿ, ಇಲ್ಲೇ ಮಣ್ಣಾದರು.